ಗಾಯ ಒಣಗಬಾರದು, ಅಡಿಕೆ ಸಿಪ್ಪೆ ಸುಡಬಾರದು

ಸುಗ್ಗಿಯಲ್ಲಿ ತೀರ್ಥಹಳ್ಳಿ ಕಡೆ ಯಾವ ಅಡಿಕೆ ಸುಲಿಯುವ ಚಪ್ಪರಕ್ಕೆ ಹೋದರೂ ಒಂದಿಬ್ಬರ ಬೆರಳಿಗೆ ಬಟ್ಟೆ ಚೂರು ಸುತ್ತಿರುತ್ತದೆ. ಮೆಟ್ಟುಗತ್ತಿ ತಾಗಿದ್ದು. ಒಳಗೆ ಕಾಫಿಪುಡಿ. ಕೇಳಿದರೆ, "ಗಾಯ ಬೇಗ ಒಣಗಲಿ ಅಂತ" ಎನ್ನುತ್ತಾರೆ. ನನಗೆ ಸಂಕಟವಾಗುವುದು ಈ ಮಾತಿಗೇ. 1962ರಲ್ಲೇ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದಾರೆ. ತೇವ ಆರದಂತೆ ಮುಚ್ಚಿದ ಗಾಯದಲ್ಲಿ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಹಬ್ಬಿತು. ಚರ್ಮದ ಕೋಶಗಳು ಒದ್ದೆಯಲ್ಲಿ ಸಲೀಸಾಗಿ ತೆವಳುತ್ತವೆ. ಹಕ್ಕಳೆ ಗಟ್ಟಿಯಾದರೆ ಅದರ ಅಡಿಯಲ್ಲಿ ದಾರಿ ಮಾಡಿಕೊಂಡು ಬರಬೇಕು.

ಆ ತೇವ ಹಿಡಿದಿಡಬಲ್ಲ ವಸ್ತು ಅದೇ ಚಪ್ಪರದ ಹಿಂದೆ ರಾಶಿ ಬಿದ್ದಿರುತ್ತದೆ. ಅಡಿಕೆ ಸಿಪ್ಪೆ. ನಾವು ಅದನ್ನು ರಸ್ತೆ ಬದಿ ಸುರಿದು ಬೆಂಕಿ ಹಚ್ಚುತ್ತೇವೆ.

ಒಣ ಸಿಪ್ಪೆಯಿಂದ ಒಂದು ನಾರು ಎಳೆದು ಉಗುರಿನಲ್ಲಿ ಸೀಳಿ ನೋಡಿ. ಇನ್ನೂ ಸಣ್ಣ ಎಳೆ ಬರುತ್ತದೆ. ಅಲ್ಲಿಗೆ ಉಗುರು ಸೋಲುತ್ತದೆ, ನಾರು ಮುಗಿಯುವುದಿಲ್ಲ. ಹಗ್ಗದೊಳಗೆ ಹುರಿ, ಹುರಿಯೊಳಗೆ ನೂಲು ಇದ್ದ ಹಾಗೆ ಒಳಗೊಳಗೇ ಸೆಲ್ಯುಲೋಸ್ ಎಂಬ ಸಸ್ಯವಸ್ತುವಿನ ಎಳೆಗಳು. ಕಟ್ಟಕಡೆಯ ಎಳೆ ಮೂರ್ನಾಲ್ಕು ನ್ಯಾನೋಮೀಟರ್ ದಪ್ಪ. ಒಂದು ಕೂದಲಿನ ಅಗಲಕ್ಕೆ ಸುಮಾರು 20,000 ಎಳೆ ಸಾಲಾಗಿ ಕೂರಬಹುದು. ನ್ಯಾನೋಸೆಲ್ಯುಲೋಸ್ ಎಂದರೆ ಇದೇ. ಯಾರೂ ಹೊಸದಾಗಿ ಮಾಡಿದ್ದಲ್ಲ, ಬಿಡಿಸಿದ್ದು ಅಷ್ಟೇ.

ಬಿಡಿಸುವುದೇ ಕಷ್ಟ. ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿ, ಬ್ಲೀಚ್ ಮಾಡಿದರೆ ಲಿಗ್ನಿನ್ ಎಂಬ ಅಂಟು ಹೋಗುತ್ತದೆ. ಆದರೂ ಎಳೆಗಳು ಒಂದನ್ನೊಂದು ಬಿಡುವುದಿಲ್ಲ. ಮೊದಮೊದಲು ಅಮೆರಿಕದಲ್ಲಿ ಹಾಲನ್ನು ಏಕರಸ ಮಾಡುವ ಯಂತ್ರದಲ್ಲಿ ಮತ್ತೆ ಮತ್ತೆ ಹಾಯಿಸಿ ಬಿಡಿಸಿದರು, ವಿಪರೀತ ಕರೆಂಟು ಬೇಕಾಯಿತು. 2006ರಲ್ಲಿ ಟೋಕಿಯೋದ ವಿಜ್ಞಾನಿಗಳಾದ ಸೈಟೋ ಮತ್ತು ಇಸೋಗಾಯ್ ಬಲವಂತ ಬಿಟ್ಟರು. ಟೆಂಪೋ ಎಂಬ ರಾಸಾಯನಿಕ ಬಳಸಿ ಪ್ರತಿ ಎಳೆಯ ಮೈಗೂ ಋಣ ವಿದ್ಯುತ್ ಹತ್ತುವಂತೆ ಮಾಡಿದರು. ಚಳಿಗಾಲದಲ್ಲಿ ಪ್ಲಾಸ್ಟಿಕ್ ಬಾಚಣಿಗೆಯಿಂದ ತಲೆ ಬಾಚಿದರೆ ಕೂದಲು ಒಂದಕ್ಕೊಂದು ಸೇರದೆ ಎದ್ದು ನಿಲ್ಲುತ್ತದೆ, ಅಲ್ವಾ? ಅದೇ ಇದು. ಒಂದೇ ಬಗೆಯ ವಿದ್ಯುತ್ ಹತ್ತಿದವು ಒಂದನ್ನೊಂದು ದೂಡುತ್ತವೆ. ಒಂದೇ ಧ್ರುವ ಎದುರುಬದುರಾದ ಅಯಸ್ಕಾಂತಗಳನ್ನು ಎಷ್ಟು ಒತ್ತಿದರೂ ಜಾರಿಕೊಳ್ಳುತ್ತವಲ್ಲ, ಹಾಗೆ. ಎಳೆಗಳು ತಾವೇ ದೂರ ಸರಿಯಲು ನೋಡುತ್ತವೆ. ಆಮೇಲೆ ಮಿಕ್ಸಿಯಂಥ ಯಂತ್ರದಲ್ಲಿ ತಿರುಗಿಸಿದರೆ ಸಾಕು.

ಸಿಗುವುದು ದಾಸವಾಳದ ಸೊಪ್ಪು ಹಿಂಡಿದ ಗೊಂಪಿನಂಥ ಲೋಳೆ. 99 ಪಾಲು ನೀರು, ಒಂದೇ ಪಾಲು ನಾರು. ಆದರೂ ಹರಿದು ಹೋಗುವುದಿಲ್ಲ. ಗಾಯದ ಮೇಲಿಟ್ಟರೆ ತೇವ ಕಾಯುತ್ತದೆ. ಸೆಲ್ಯುಲೋಸ್ ಅರಗಿಸುವ ಕಿಣ್ವ ನಮ್ಮ ದೇಹದಲ್ಲಿಲ್ಲ, ಹಾಗಾಗಿ ಅಲ್ಲಿ ಕರಗದೆ ಉಳಿಯುತ್ತದೆ. ಫಿನ್ಲೆಂಡಿನಲ್ಲಿ ಬರ್ಚ್ ಮರದ ನಾರಿನಿಂದ ಇಂಥ ಗಾಯಪಟ್ಟಿ ಈಗಾಗಲೇ ತಯಾರಾಗಿದೆ.

ಹಾಗಂತ ಸಿಪ್ಪೆ ಪುಡಿ ಮಾಡಿ ಗಾಯಕ್ಕೆ ಮೆತ್ತಬೇಡಿ! ಅದರಲ್ಲಿ ಬೂಷ್ಟು, ಮಣ್ಣು, ಧನುರ್ವಾಯು ತರುವ ಬ್ಯಾಕ್ಟೀರಿಯಾ ಎಲ್ಲ ಇರಬಹುದು. ಬೇಯಿಸಿದರೂ ಸಾಲದು. ಕೆಲವು ಬ್ಯಾಕ್ಟೀರಿಯಾಗಳ ಗೋಡೆಯ ಚೂರುಗಳು ಸತ್ತ ಮೇಲೂ ಉಳಿದು ಜ್ವರ ತರಬಲ್ಲವು. ಅವನ್ನೂ ತೊಳೆದು ತೆಗೆದ ನಾರು ಮಾತ್ರ ಆಸ್ಪತ್ರೆಗೆ ಸಲ್ಲುತ್ತದೆ. ಈ ಸುಗ್ಗಿಯಲ್ಲಿ ಬೆರಳು ಕುಯ್ದರೆ ಕಾಫಿಪುಡಿ ಬೇಡ. ನೀರು ಬಿಟ್ಟು ಚೆನ್ನಾಗಿ ತೊಳೆಯಿರಿ, ಶುಚಿಯಾದ ಪಟ್ಟಿ ಕಟ್ಟಿ, ಟಿಟಿ ಇಂಜೆಕ್ಷನ್ ಬೇಕಾ ಅಂತ ಡಾಕ್ಟರನ್ನು ಕೇಳಿ.