ಬೀಮಿಂಗ್: ಗಿಟಾರ್ ಆಂಪ್ ಎದುರಿಗೆ ಕೂತವರ ಕಿವಿ ಯಾಕೆ ನೋಯುತ್ತದೆ?

ಅದೇ ಗಿಟಾರ್, ಅದೇ ಆಂಪ್, ಅದೇ ಸೆಟ್ಟಿಂಗ್. ನುಡಿಸುವವರಿಗೆ ದನಿ ದುಂಡಗೆ, ಮೆತ್ತಗೆ ಕೇಳುತ್ತದೆ. ಎದುರಿಗೆ ಹತ್ತಡಿ ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತವರಿಗೆ ಅದೇ ದನಿ ಕಿವಿಗೆ ಚುಚ್ಚುತ್ತದೆ. ಇಬ್ಬರು ಹೇಳುವುದೂ ನಿಜ. ಆಂಪ್‌ನ ಸ್ಪೀಕರ್‌ನಿಂದ ಹೊರಡುವ ಟ್ರೆಬಲ್, ಅಂದರೆ ಚೂಪಾದ ಮೇಲಿನ ಸ್ವರ, ಸುತ್ತಲೂ ಹರಡದೆ, ಟಾರ್ಚ್ ಬೆಳಕಿನ ಹಾಗೆ ಕಿರಿದಾಗಿ ನೇರ ಮುಂದಕ್ಕೆ ಹೋಗುತ್ತದೆ. ಇದನ್ನೇ ಬೀಮಿಂಗ್ ಅನ್ನುತ್ತಾರೆ.

ಇದರ ಹಿಂದಿನ ಲೆಕ್ಕ ಸುಲಭ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಹಾಗಾಗಿ 100 ಹರ್ಟ್ಜ್‌ನ (ಸೆಕೆಂಡಿಗೆ 100 ಕಂಪನದ) ಒಂದು ಅಲೆ ಸುಮಾರು 3.4 ಮೀಟರ್ ಉದ್ದ. 1,000 ಹರ್ಟ್ಜ್‌ಗೆ ಅದು 34 ಸೆಂಟಿಮೀಟರ್, 4,000ಕ್ಕೆ ಬರೀ ಎಂಟೂವರೆ. ಗಿಟಾರ್ ಆಂಪ್‌ಗಳಲ್ಲಿ ಹೆಚ್ಚಾಗಿ ಕಾಣುವುದು 12 ಇಂಚಿನ ಸ್ಪೀಕರ್, ಅಂದರೆ 30 ಸೆಂಟಿಮೀಟರ್. ಅಲೆ ಸ್ಪೀಕರ್‌ಗಿಂತ ತುಂಬಾ ಉದ್ದವಿದ್ದರೆ ದನಿ ಎಲ್ಲ ಕಡೆ ಹರಡುತ್ತದೆ. ಅಲೆ ಚಿಕ್ಕದಾದರೆ ಕಥೆ ಬೇರೆ. ಪಕ್ಕದಲ್ಲಿ ನಿಂತವರಿಗೆ ಕೋನ್‌ನ (ಸ್ಪೀಕರ್‌ನ ಅದುರುವ ಭಾಗದ) ಹತ್ತಿರದ ಅಂಚಿನ ದನಿ ಮೊದಲು ಬರುತ್ತದೆ, ದೂರದ ಅಂಚಿನದು ಸ್ವಲ್ಪ ತಡವಾಗಿ. ಒಂದು ಅಲೆ ಏಳುವಾಗ ಇನ್ನೊಂದು ಇಳಿಯುತ್ತಿರುತ್ತದೆ, ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ನೇರ ಎದುರಿಗೆ ಇರುವವರಿಗೆ ಮಾತ್ರ ಎಲ್ಲ ಕೂಡಿಕೊಂಡೇ ಬಂದು ತಾಗುತ್ತದೆ.

ಮನೆಯ ಮ್ಯೂಸಿಕ್ ಸಿಸ್ಟಮ್‌ನಲ್ಲಿ ಟ್ರೆಬಲ್‌ಗೆಂದೇ ಪುಟ್ಟ ಟ್ವೀಟರ್ ಇರುತ್ತದೆ. ಚಿಕ್ಕದಾದ್ದರಿಂದ ಅದು ಅಗಲವಾಗಿ ಹರಡುತ್ತದೆ. ಗಿಟಾರ್ ಸ್ಪೀಕರ್‌ಗೆ ಟ್ವೀಟರ್ ಇಡುವುದಿಲ್ಲ. ಅದರ ದನಿ ಐದಾರು ಸಾವಿರ ಹರ್ಟ್ಜ್ ಆದ ಮೇಲೆ ಬೇಗ ಬಿದ್ದುಹೋಗುತ್ತದೆ, ಅದು ಬೇಕಾಗಿಯೇ ಇದೆ. ಡಿಸ್ಟಾರ್ಷನ್ ಹಾಕಿದ, ಅಂದರೆ ದನಿ ಬೇಕೆಂದೇ ಒಡೆಯುವಂತೆ ಮಾಡಿದ ಗಿಟಾರನ್ನು ನೇರವಾಗಿ ಪಿಎ ಸ್ಪೀಕರ್‌ಗೆ (ಸಭೆಗೆಲ್ಲ ದನಿ ಮುಟ್ಟಿಸುವ ಸ್ಪೀಕರ್) ಸಿಕ್ಕಿಸಿ ನೋಡಿ, ಬರೀ ಗುಂಯ್‌ಗುಟ್ಟುತ್ತದೆ. ತೊಂದರೆ ಏನೆಂದರೆ, ನಮ್ಮ ಕಿವಿ ಅತಿ ಚುರುಕಾಗಿರುವುದು 2,000ದಿಂದ 5,000 ಹರ್ಟ್ಜ್ ನಡುವೆ. ಬೀಮಿಂಗ್ ಜೋರಾಗಿರುವುದೂ ಅಲ್ಲೇ!

ಯಾವ ಸ್ಪೀಕರ್ ಅನ್ನುವುದೂ ಮುಖ್ಯ. ಸೆಲೆಸ್ಟಿಯನ್ ಕಂಪನಿಯ ವಿಂಟೇಜ್ 30 ಸ್ಪೀಕರ್ ಕಿವಿ ಚುರುಕಾಗಿರುವ ಈ ಭಾಗದಲ್ಲೇ ಎದ್ದು ಕೇಳುತ್ತದೆ. ಡ್ರಮ್ಸ್ ಗದ್ದಲದ ನಡುವೆಯೂ ಗಿಟಾರ್ ಕೇಳಬೇಕೆಂದರೆ ಅದು ಒಳ್ಳೆಯದು. ಚಿಕ್ಕ ಕೋಣೆಯಲ್ಲಿ ನೇರ ಎದುರಿಗೆ ಕೂತು ಕೇಳಲು ನನಗಂತೂ ಆಗುವುದಿಲ್ಲ. ಅದೇ ಕಂಪನಿಯ ಗ್ರೀನ್‌ಬ್ಯಾಕ್ ಅಲ್ಲಿ ಹೆಚ್ಚು ಸೌಮ್ಯ. ಎರಡು ಸ್ಪೀಕರ್‌ಗಳನ್ನು ಅಕ್ಕಪಕ್ಕ ಇಟ್ಟರೆ ಪಕ್ಕಕ್ಕೆ ಹರಡುವುದು ಇನ್ನೂ ಕಡಿಮೆಯಾಗುತ್ತದೆ. ಒಂದರ ಮೇಲೊಂದು ಇದ್ದರೆ ಪಕ್ಕದವರಿಗೆ ಅನುಕೂಲ. ಹಿಂಬದಿ ತೆರೆದ ಕ್ಯಾಬಿನೆಟ್‌ನಲ್ಲಿ (ಸ್ಪೀಕರ್ ಪೆಟ್ಟಿಗೆಯಲ್ಲಿ) ಹಿಂದಿನಿಂದಲೂ ದನಿ ಹೊರಟು ಗೋಡೆಗೆ ತಾಗಿ ಕೋಣೆ ತುಂಬುತ್ತದೆ. ಮುಂದಿನ ಚೂಪು ಹೋಗುವುದಿಲ್ಲ, ಆದರೆ ಅದೊಂದೇ ಎದ್ದು ಕೇಳುವುದಿಲ್ಲ.

ಆಂಪ್ ಬದಲಿಸಿದರೆ? ಟೋನ್ ಬದಲಾಗುತ್ತದೆ, ನಿಜ. ಸ್ಪೀಕರ್ ವಿದ್ಯುತ್ತಿಗೆ ಒಡ್ಡುವ ತಡೆಯನ್ನು ಓಮ್‌ನಲ್ಲಿ ಅಳೆಯುತ್ತಾರೆ; 8 ಓಮ್ ಎಂದು ಬರೆದ ಸ್ಪೀಕರ್ ಎಲ್ಲ ಸ್ವರಕ್ಕೂ 8 ಓಮ್ ಇರುವುದಿಲ್ಲ. ಆ ತಡೆ ಏರುವ ಕಡೆಗಳಲ್ಲಿ, ಅಂದರೆ ಬೇಸ್‌ನ ಒಂದು ಜಾಗದಲ್ಲಿ ಮತ್ತು ಟ್ರೆಬಲ್‌ನಲ್ಲಿ, ಟ್ಯೂಬ್ ಆಂಪ್ (ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್ ಇರುವುದು) ಆ ದನಿಯನ್ನು ಎತ್ತಿಕೊಡುತ್ತದೆ. ಸಾಮಾನ್ಯ ಟ್ರಾನ್ಸಿಸ್ಟರ್ ಆಂಪ್ ಅಷ್ಟಾಗಿ ಎತ್ತುವುದಿಲ್ಲ. ಆದರೆ ಬೀಮಿಂಗ್ ಬರುವುದು ಕೋನ್‌ನ ಗಾತ್ರದಿಂದ. ಅದಕ್ಕಾಗಿ ಹೊಸ ಆಂಪ್‌ಗೆ ದುಡ್ಡು ಸುರಿಯಬೇಡಿ.

ಹಳೆಯ ತಯಾರಕರಿಗೆ ಇದು ಗೊತ್ತಿತ್ತು. ಫೆಂಡರ್ ಕಂಪನಿಯ ಟ್ವಿನ್ ರಿವರ್ಬ್ ಆಂಪ್‌ನ ಎರಡು ಪಕ್ಕದಲ್ಲಿ ಉದ್ದನೆಯ ಲೋಹದ ಕಾಲುಗಳಿವೆ. ಅವನ್ನು ಬಿಡಿಸಿ ಆಂಪ್ ಹಿಂದಕ್ಕೆ ವಾಲಿಸಿದರೆ ಸ್ಪೀಕರ್ ಮೇಲಕ್ಕೆ ನೋಡುತ್ತದೆ. ಮಾರ್ಷಲ್‌ನ ನಾಲ್ಕು ಸ್ಪೀಕರ್‌ಗಳ 1960ಎ ಕ್ಯಾಬಿನೆಟ್‌ನಲ್ಲಿ ಮೇಲಿನ ಎರಡು ಓರೆಯಾಗಿವೆ. ನನಗೆ ಫೆಂಡರ್ ಕಾಲೇ ಇಷ್ಟ, ಯಾಕೆಂದರೆ ನುಡಿಸುವವರಿಗೂ ಸತ್ಯ ಗೊತ್ತಾಗುತ್ತದೆ. ಆಂಪ್ ನೆಲದ ಮೇಲಿದ್ದರೆ ಟ್ರೆಬಲ್ ಎಲ್ಲ ಮೊಣಕಾಲಿಗೆ ಹೋಗುತ್ತದೆ, ಅಲ್ವಾ? ಕೇಳಿಸುತ್ತಿಲ್ಲ ಎಂದು ಟ್ರೆಬಲ್ ಇನ್ನೂ ಏರಿಸುತ್ತಾರೆ. ಮುಂದಿನ ಸಾಲಿನಲ್ಲಿ ಕೂತವರ ಪಾಡು ಯಾರೂ ಕೇಳುವುದಿಲ್ಲ.

ಕಾಲಿಲ್ಲದ ಆಂಪ್ ಆದರೆ ಗಟ್ಟಿಯಾದ ಕುರ್ಚಿ ಮೇಲಿಡಿ, ಇಲ್ಲವೇ ಮುಂಭಾಗದ ಕೆಳಗೆ ಏನಾದರೂ ಕೊಟ್ಟು ವಾಲಿಸಿ. ಸ್ಪೀಕರ್ ಮುಂದೆ ಕೂತು, ಕಿವಿ ಅದರ ನೇರಕ್ಕೆ ತಂದು ಟ್ರೆಬಲ್ ಹೊಂದಿಸಿ. ಆಮೇಲೆ ಎದ್ದು ನಿಂತಾಗ ಸ್ವಲ್ಪ ಮಂಕಾಗಿ ಕೇಳಿದರೂ ಕೈ ಹಾಕಬೇಡಿ. ಇದನ್ನು ನುಡಿಸುವ ವಾಲ್ಯೂಮ್‌ನಲ್ಲೇ ಮಾಡಿ, ಆದರೆ ಕಿವಿಯನ್ನು ತೀರಾ ಹತ್ತಿರಕ್ಕೆ ಒಡ್ಡಬೇಡಿ. ಸಣ್ಣ ದನಿಯಲ್ಲಿ ನಮ್ಮ ಕಿವಿಗೆ ಬೇಸ್ ಮತ್ತು ಟ್ರೆಬಲ್ ಕಡಿಮೆ ಕೇಳುತ್ತವೆ ಎಂದು ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ತೋರಿಸಿದ್ದರು. ಮನೆಯಲ್ಲಿ ಮೆಲ್ಲಗೆ ಹೊಂದಿಸಿದ್ದು ವೇದಿಕೆ ಮೇಲೆ ಕೆಡುವುದಕ್ಕೆ ಇದೂ ಒಂದು ಕಾರಣ.

ಸ್ಪೀಕರ್ ಗ್ರಿಲ್ ಹಿಂದೆ ಇಡುವ ನಡುವೆ ತೂತಿರುವ ಫೋಮ್ ಬಿಲ್ಲೆ, ಕೋನ್‌ನ ನಡುಭಾಗಕ್ಕೆ ಅಡ್ಡ ಬರುವ ಸಣ್ಣ ತಟ್ಟೆ ಇವೂ ಸಿಗುತ್ತವೆ. ಚೂಪು ಕಡಿಮೆಯಾಗುತ್ತದೆ, ಟೋನ್ ಕೂಡ ಒಂದಿಷ್ಟು ಬದಲಾಗುತ್ತದೆ. ಮೈಕ್ ಇಟ್ಟು ಪಿಎಗೆ ಕಳಿಸುವುದಾದರೆ ಇವು ಯಾವುದೂ ಬೇಕಿಲ್ಲ. ಮೈಕ್ ಅನ್ನು ಕೋನ್‌ನ ನಡುವಿನಿಂದ ಒಂದೆರಡು ಇಂಚು ಅಂಚಿನ ಕಡೆ ಸರಿಸಿದರೆ ಸಾಕು, ಕರ್ಕಶ ಎಷ್ಟೋ ಇಳಿಯುತ್ತದೆ.