ಅಡುಗೆಮನೆ ಕಿಟಕಿಯಲ್ಲೇ ಯಾಕೆ ರೇಡಿಯೊ ಹಾಡುತ್ತದೆ?

ನಮ್ಮ ಮನೆಯಲ್ಲಿ ರೇಡಿಯೊಗೆ ಒಂದೇ ಜಾಗ, ಅಡುಗೆಮನೆಯ ಕಿಟಕಿ. ಅಲ್ಲಿಂದ ಒಂದು ಮಾರು ಆಚೆ ಇಟ್ಟರೂ ಬರೀ ಗೊರಗೊರ. ಮಡಿಕೇರಿ ಆಕಾಶವಾಣಿ ಅಷ್ಟೇನೂ ದೂರವಿಲ್ಲ. ನಡುವೆ ಒಂದು ಬೆಟ್ಟ ಕೂತಿದೆ, ಅಷ್ಟೆ.

ಮಡಿಕೇರಿ ಎಫ್‌ಎಂ ಬರುವುದು 103.1 ಮೆಗಾಹರ್ಟ್ಸ್‌ನಲ್ಲಿ. ಆ ಅಲೆಯ ಉದ್ದ ಸುಮಾರು 3 ಮೀಟರ್. ಇಷ್ಟು ಗಿಡ್ಡ ಅಲೆ ಹೆಚ್ಚುಕಡಿಮೆ ಬೆಳಕಿನ ಹಾಗೆ ನೇರವಾಗಿ ಹೋಗುತ್ತದೆ. ಬೆಟ್ಟ ಅಡ್ಡ ಬಂದರೆ ಹಿಂದೆ ನೆರಳು. ನಮ್ಮ ಮನೆಯಲ್ಲಿ ಆ ನೆರಳಿನಿಂದ ತಪ್ಪಿಸಿಕೊಂಡ ಜಾಗ ಕಿಟಕಿ ಒಂದೇ. ಬೆಂಗಳೂರಿನ ಮೀಡಿಯಂ ವೇವ್ 612 ಕಿಲೋಹರ್ಟ್ಸ್‌ನದು, ಅಲೆಯ ಉದ್ದ ಸುಮಾರು 490 ಮೀಟರ್. ಅದು ನೆಲಕ್ಕೆ ಅಂಟಿಕೊಂಡು, ಗುಡ್ಡಗಳನ್ನು ಬಳಸಿಕೊಂಡು ಸಾಗಬಲ್ಲದು. ಆದರೆ ಸದ್ದು ಎಫ್‌ಎಂನಷ್ಟು ಚೊಕ್ಕವಲ್ಲ, ಮಿಂಚು ಹೊಡೆದರೆ ಚಟಚಟ ಅನ್ನುತ್ತದೆ.

ಅದೇ ಕಿಟಕಿಯ ಕೆಳಗೆ ನಾನು ಫೋನಿನಲ್ಲಿ ಪಾಡ್‌ಕಾಸ್ಟ್ ಹಾಕಿಕೊಂಡು ಪಾತ್ರೆ ತೊಳೆಯುತ್ತಿದ್ದೆ. ಅಜ್ಜಿ ಕೇಳಿದರು, "ಅದೂ ರೇಡಿಯೊನೇ ಅಲ್ವಾ?"

ಕಿವಿಗೆ ಹೌದು. ಒಳಗಿನ ಕೆಲಸ ಮಾತ್ರ ಪೂರ್ತಿ ಉಲ್ಟಾ.

ಇಂಗ್ಲಿಷಿನ 'ಬ್ರಾಡ್‌ಕಾಸ್ಟ್' ಮೊದಲು ಹೊಲದ ಮಾತಾಗಿತ್ತು. ಬೀಜವನ್ನು ಕೈತುಂಬ ಹಿಡಿದು ಎರಚುವುದು, ನಮ್ಮ ಚೆಲ್ಲು ಬಿತ್ತನೆ. (ಕನ್ನಡದ 'ಬಿತ್ತರ' ಬಿತ್ತನೆಯ ನೆಂಟನ ಹಾಗೆ ಕೇಳಿಸುತ್ತದೆ. ಅದು ಬಂದದ್ದು 'ವಿಸ್ತಾರ'ದಿಂದ!) ರೇಡಿಯೊ ಕೇಂದ್ರವೂ ಎರಚುತ್ತದೆ. ಯಾರ ಮನೆಯಲ್ಲಿ ಬಿತ್ತು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಒಬ್ಬರು ಕೇಳಿದರೂ ಒಂದು ಲಕ್ಷ ಜನ ಕೇಳಿದರೂ ಟ್ರಾನ್ಸ್‌ಮಿಟರ್ ತಿನ್ನುವ ಕರೆಂಟ್ ಅಷ್ಟೇ.

ಪಾಡ್‌ಕಾಸ್ಟ್‌ನಲ್ಲಿ ಯಾರೂ ಏನನ್ನೂ ಎರಚುವುದಿಲ್ಲ. ಆಡಿಯೊ ಫೈಲ್ ಒಂದು ಸರ್ವರಿನಲ್ಲಿ ಸುಮ್ನೆ ಬಿದ್ದಿರುತ್ತದೆ. ಜೊತೆಗೆ ಆರ್‌ಎಸ್‌ಎಸ್ ಫೀಡ್ ಅನ್ನುವ ಒಂದು ಪಟ್ಟಿ: ಸಂಚಿಕೆಯ ಹೆಸರು, ತಾರೀಕು, ಫೈಲ್ ಎಲ್ಲಿದೆ ಎಂಬ ವಿಳಾಸ. ನಮ್ಮ ಆ್ಯಪ್ ಆಗಾಗ ಹೋಗಿ ಆ ಪಟ್ಟಿ ನೋಡುತ್ತದೆ, ಹೊಸ ಸಾಲು ಸೇರಿದ್ದರೆ ಫೈಲನ್ನು ಎಳೆದು ತರುತ್ತದೆ. 2000ದ ಆಸುಪಾಸಿನಲ್ಲಿ ಅಮೆರಿಕದ ಸಾಫ್ಟ್‌ವೇರ್ ತಜ್ಞ ಡೇವ್ ವೈನರ್ ಈ ಪಟ್ಟಿಯಲ್ಲಿ ಆಡಿಯೊ ಫೈಲಿನ ವಿಳಾಸಕ್ಕೂ ಜಾಗ ಮಾಡಿದರು. 'ಪಾಡ್‌ಕಾಸ್ಟಿಂಗ್' ಎಂಬ ಹೆಸರು ಬಂದದ್ದು 2004ರಲ್ಲಿ, ಪತ್ರಕರ್ತ ಬೆನ್ ಹ್ಯಾಮರ್ಸ್ಲಿ ಬರಹದಿಂದ. ಅದರೊಳಗಿನ 'ಪಾಡ್' ಬಂದದ್ದು ಆ್ಯಪಲ್ ಕಂಪನಿಯ ಹಾಡು ಕೇಳುವ ಪುಟ್ಟ ಯಂತ್ರ ಐಪಾಡ್‌ನಿಂದ. ಐಪಾಡ್ ಈಗ ಅಂಗಡಿಯಲ್ಲೇ ಇಲ್ಲ, ಹೆಸರು ಉಳಿದಿದೆ.

ಇಲ್ಲಿ ಲೆಕ್ಕ ಬದಲಾಗುತ್ತದೆ. ಸೆಕೆಂಡಿಗೆ 64 ಕಿಲೋಬಿಟ್‌ನ ಅರ್ಧ ಗಂಟೆಯ ಮಾತು ಸುಮಾರು 14 ಎಂಬಿ. ಸಾವಿರ ಜನ ತರಿಸಿಕೊಂಡರೆ 14 ಜಿಬಿ, ಯಾಕೆಂದರೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಪ್ರತಿ ಹೋಗಬೇಕು. ಕೇಳುಗರು ಜಾಸ್ತಿಯಾದಷ್ಟೂ ಹೊರೆ ಜಾಸ್ತಿ. ಎಷ್ಟು ಡೌನ್‌ಲೋಡ್ ಆಯಿತು ಅನ್ನುವುದು ಸರ್ವರಿಗೆ ತಿಳಿಯುತ್ತದೆ. ತರಿಸಿಕೊಂಡವರು ಕೇಳಿದರೋ ಇಲ್ಲವೋ, ಅದು ಬೇರೆ ಮಾತು. ನನ್ನ ಫೋನಿನಲ್ಲೇ ಕೇಳದ ಸಂಚಿಕೆಗಳು ರಾಶಿ ಬಿದ್ದಿವೆ.

ಬೆಟ್ಟದ ನೆರಳು ಮಾತ್ರ ಫೈಲಿಗೆ ತಾಗುವುದಿಲ್ಲ. ಪೇಟೆಗೆ ಹೋದಾಗ ತುಂಬಿಸಿಕೊಂಡು ಬಂದರೆ ತೋಟದ ಮೂಲೆಯಲ್ಲಿ ಕೂತೂ ಕೇಳಬಹುದು. ಊರು ಬಿಟ್ಟವರಿಗೆ ಇದು ಇನ್ನೂ ಅನುಕೂಲ. ಮಡಿಕೇರಿ ಕೇಂದ್ರದಿಂದ ಕೊಡವ, ಅರೆಭಾಷೆ ಕಾರ್ಯಕ್ರಮಗಳೂ ಬರುತ್ತವೆ, ಆದರೆ ಆ ಅಲೆ ಬೆಂಗಳೂರು ಮುಟ್ಟುವುದಿಲ್ಲ. ಸಣ್ಣ ಭಾಷೆಯ ಜನ ಹತ್ತು ಊರುಗಳಲ್ಲಿ ಚದುರಿರುವಾಗ ಅವರನ್ನೆಲ್ಲ ಒಂದು ಟವರ್‌ನಿಂದ ತಲುಪಲು ಆಗುವುದಿಲ್ಲ. ಒಂದು ಪಟ್ಟಿಯಿಂದ ಆಗುತ್ತದೆ.

ಆದರೆ ಮಾರ್ಚ್‌ನಲ್ಲಿ ಹೂ ಮಳೆಗೆ, ಅಂದರೆ ಕಾಫಿ ಗಿಡ ಹೂ ಬಿಡಲು ಬೇಕಾದ ಮಳೆಗೆ, ಕಾಯುವವರಿಗೆ ಹೋದ ವಾರದ ಹವಾಮಾನದ ಸಂಚಿಕೆ ಯಾಕೆ ಬೇಕು? ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಅನ್ನುವುದು ಇವತ್ತು ಗೊತ್ತಾಗಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ಹಲವು ಕಡೆ ರಸ್ತೆ, ಕರೆಂಟ್ ಎರಡೂ ಹೋದವು. ಕರೆಂಟ್ ಹೋದಮೇಲೆ ಮೊಬೈಲ್ ಟವರ್ ನಿಲ್ಲುವುದು ಬ್ಯಾಟರಿ, ಡೀಸೆಲ್ ಇರುವ ತನಕ. ಪುಟ್ಟ ಟ್ರಾನ್ಸಿಸ್ಟರಿಗೆ ಎರಡು ಸೆಲ್ ಸಾಕು.

ಹೋದ ಮಳೆಗಾಲ ನಮ್ಮಲ್ಲಿ ಮೂರು ದಿನ ಕರೆಂಟ್ ಇರಲಿಲ್ಲ. ಮೊದಲ ದಿನ ಅಜ್ಜಿಗೂ ಪಾಡ್‌ಕಾಸ್ಟ್ ಕೇಳಿಸಿದೆ. ಒಂದು ಕಡೆ ಸರಿಯಾಗಿ ಕೇಳಿಸಲಿಲ್ಲವೆಂದು ಹಿಂದಕ್ಕೆ ಹಾಕಿಸಿದರು, ಅದು ಅವರಿಗೆ ತುಂಬಾ ಹಿಡಿಸಿತು. ಎರಡನೇ ದಿನ ನನ್ನ ಫೋನ್ ಸತ್ತಿತು. ಸಂಜೆ ರೇಡಿಯೊದಲ್ಲಿ ವಾರ್ತೆ ಓದುವವರು ಯಾವುದೋ ರಸ್ತೆಯ ಹೆಸರು ಹೇಳುವಾಗ ಮಳೆಯ ಸದ್ದಿಗೆ ಕೇಳಿಸಲಿಲ್ಲ. ಅಜ್ಜಿ ನನ್ನ ಕಡೆ ತಿರುಗಿ, "ಸ್ವಲ್ಪ ಹಿಂದೆ ಹಾಕು" ಅಂದರು.