ಮದುವೆ ನಡೆದ ಅಂಗಳ ಮತ್ತು ಅದನ್ನು ಬರೆದಿಟ್ಟ ಪುಸ್ತಕ

ಕಳೆದ ಮಳೆಗಾಲದಲ್ಲಿ ಪೆರ್ಲದ ಕಡೆಯ ಒಬ್ಬ ಮಹಿಳೆ ತಮ್ಮ ತಾಯಿಯ ಕುಟುಂಬ ಪಿಂಚಣಿಯ ವಿಚಾರವಾಗಿ ನನ್ನ ಕಚೇರಿಗೆ ಬಂದಿದ್ದರು. ಮದುವೆಯಾದದ್ದಕ್ಕೆ ದಾಖಲೆ ಬೇಕೆಂದು ಪಿಂಚಣಿ ಕಚೇರಿಯವರು ಕೇಳಿದ್ದರು. ಅವರಲ್ಲಿದ್ದದ್ದು ಅರಸಿನ ಕುಂಕುಮದ ಗುರುತು ಇನ್ನೂ ಅಂಚಿನಲ್ಲಿ ಉಳಿದಿದ್ದ, ಮಡಿಕೆಯಲ್ಲಿ ಹರಿದ 1964ರ ಲಗ್ನಪತ್ರಿಕೆ ಮಾತ್ರ. ಅದರಲ್ಲಿ ವರನ ವಿಳಾಸ ‘ಪೆರ್ಲ ಅಂಚೆ, ಕಾಸರಗೋಡು ತಾಲೂಕು, ಕಣ್ಣೂರು ಜಿಲ್ಲೆ’ ಎಂದಿತ್ತು. ಯಾರೋ ತಿಳಿದವರು, ಆಗ ಕಣ್ಣೂರು ಜಿಲ್ಲೆಯಾಗಿದ್ದುದರಿಂದ ದಾಖಲೆಯೂ ಕಣ್ಣೂರಿನಲ್ಲೇ ಇದ್ದೀತು ಎಂದು ಹೇಳಿದ ಮಾತನ್ನು ನಂಬಿ ಅವರು ರೈಲು ಹತ್ತಿ ಕಣ್ಣೂರಿಗೆ ಹೋಗಿ ಬರಿಗೈಯಲ್ಲಿ ಮರಳಿದ್ದರು.

ಕಾಸರಗೋಡಿನ ವಕೀಲರಿಗೆ ಇದು ಹೊಸ ಕಥೆಯಲ್ಲ. ಇಲ್ಲಿ ಒಂದು ಮನೆ ಇದ್ದಲ್ಲೇ ಇದ್ದು ನಾಲ್ಕು ಜಿಲ್ಲೆಗಳನ್ನು ಕಂಡಿದೆ. 1956ರ ಅಕ್ಟೋಬರ್ 31ರ ತನಕ ಅದು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ನವೆಂಬರ್ 1ರಂದು ಕೇರಳದ ಮಲಬಾರ್ ಜಿಲ್ಲೆಗೆ ಸೇರಿತು. ಎರಡೇ ತಿಂಗಳಲ್ಲಿ ಮಲಬಾರ್ ಒಡೆದು 1957ರ ಜನವರಿ 1ರಿಂದ ಕಣ್ಣೂರು ಜಿಲ್ಲೆಯ ಪಾಲಾಯಿತು. 1984ರ ಮೇ 24ರಂದು ಕಾಸರಗೋಡು ಜಿಲ್ಲೆಯೇ ಹುಟ್ಟಿತು. ತಾಲೂಕುಗಳೂ ಬದಲಾಗಿವೆ. ಮಂಜೇಶ್ವರ ಈಗ ಪ್ರತ್ಯೇಕ ತಾಲೂಕು. ಆದರೆ ಜಿಲ್ಲೆಯ ಹೆಸರು ಬದಲಾದ ಮಾತ್ರಕ್ಕೆ ಮದುವೆಯ ಪುಸ್ತಕ ಊರು ಬಿಟ್ಟು ಹೋಗುವುದಿಲ್ಲ. ಪಂಚಾಯತಿನಲ್ಲಿ ಬರೆದ ರಿಜಿಸ್ಟರು ಪಂಚಾಯತಿನ ಕಪಾಟಿನಲ್ಲೇ ಇರುತ್ತದೆ. ಹಳತಾಗುವುದು ಅದರ ಮುಖಪುಟದ ಮೇಲೆ ಬರೆದ ಜಿಲ್ಲೆಯ ಹೆಸರು ಮಾತ್ರ. ಆದ್ದರಿಂದ ಹುಡುಕಾಟವನ್ನು ಜಿಲ್ಲೆಯಿಂದ ಆರಂಭಿಸಬೇಡಿ ಎಂದು ನಾನು ಬಂದವರಿಗೆಲ್ಲ ಹೇಳುತ್ತೇನೆ. ಮದುವೆ ಯಾವ ದಿನ, ಯಾರ ಅಂಗಳದಲ್ಲಿ, ಯಾವ ವಿಧಿಯಲ್ಲಿ ನಡೆಯಿತು ಎಂಬುದು ಮೊದಲು ಖಚಿತವಾಗಬೇಕು. ಆ ಜಾಗದ ಮದುವೆಗಳನ್ನು ಬರೆಯುವ ಪುಸ್ತಕ ಆ ದಿನ ಯಾರ ಕೈಯಲ್ಲಿತ್ತು, ಅಂಥ ಪುಸ್ತಕವೊಂದು ಇತ್ತೇ ಎಂಬುದು ಅನಂತರದ ಪ್ರಶ್ನೆ.

ಲಗ್ನಪತ್ರಿಕೆಯ ಇನ್ನೊಂದು ಸಾಲನ್ನು ಆ ಮಹಿಳೆ ಗಮನಿಸಿರಲಿಲ್ಲ. ಮುಹೂರ್ತ ನಡೆದದ್ದು ವಧುವಿನ ಮನೆಯಲ್ಲಿ, ಅಂದರೆ ಪಾಣಾಜೆಯಲ್ಲಿ. ಪೆರ್ಲದಿಂದ ಸ್ವರ್ಗವೆಂಬ ಊರು ದಾಟಿ ಪಾಣಾಜೆಯ ಆರ್ಲಪದವಿಗೆ ಹೋಗುವವರಿಗೆ ರಾಜ್ಯದ ಗಡಿ ದಾಟಿದ್ದು ಗೊತ್ತಾಗುವುದು ಅಂಗಡಿಗಳ ಬೋರ್ಡು ನೋಡಿದಾಗಲೇ. ಆದರೆ ಕಾನೂನಿಗೆ ಆ ಕೆಲವು ಮೈಲಿಗಳು ಬಹಳ ದೂರ. 1964ರಲ್ಲಿ ಪಾಣಾಜೆ ಮೈಸೂರು ರಾಜ್ಯದ ಪುತ್ತೂರು ತಾಲೂಕಿನಲ್ಲಿತ್ತು. ಹೆಣ್ಣಿನ ಮನೆಯಲ್ಲಿ ಧಾರೆ ಎರೆಯುವುದು ನಮ್ಮ ಕಡೆಯ ಹಲವು ಸಮುದಾಯಗಳ ರೂಢಿ. ಹೀಗಾಗಿ ಗಡಿಯ ಈಚೆ ಬಾಳಿ ಬದುಕಿದ ದಂಪತಿಗಳ ಮದುವೆಯ ಸ್ಥಳ ಆಚೆಗಿರುವುದು ಅಪರೂಪವೇನಲ್ಲ. ಕೇರಳದ ಪಂಚಾಯತು ಬರೆದುಕೊಳ್ಳುವುದು ತನ್ನ ಮೇರೆಯೊಳಗೆ ನಡೆದ ಮದುವೆಯನ್ನು ಮಾತ್ರ. ದಂಪತಿ ಐವತ್ತು ವರ್ಷ ಅಲ್ಲೇ ತೆರಿಗೆ ಕಟ್ಟಿದ್ದರೂ ಮದುವೆ ಹೊರಗೆ ನಡೆದಿದ್ದರೆ ಪೆರ್ಲ ಸೇರಿರುವ ಎಣ್ಮಕಜೆ ಪಂಚಾಯತಿನ ಪುಸ್ತಕದಲ್ಲಿ ಅವರ ಹೆಸರು ಸಿಗದು.

ಗಡಿ ದಾಟಿದರೆ ಕಚೇರಿಯ ಜಾತಿಯೇ ಬದಲಾಗುತ್ತದೆ ಎಂಬುದು ಇನ್ನೂ ಮುಖ್ಯ. ಹಿಂದೂ ವಿವಾಹ ಕಾಯ್ದೆ 1955ರದು. ಇಡೀ ದೇಶಕ್ಕೆ ಒಂದೇ. ಆದರೆ ಅದರ 8ನೇ ಸೆಕ್ಷನ್ ನೋಂದಣಿಯ ನಿಯಮಗಳನ್ನು ಆಯಾ ರಾಜ್ಯಕ್ಕೆ ಬಿಟ್ಟಿದೆ. ಕೇರಳ 1957ರಲ್ಲಿ ತನ್ನ ನಿಯಮ ಮಾಡಿತು. ಇಲ್ಲಿ ಆ ಕೆಲಸ ಪಂಚಾಯತು ಮತ್ತು ನಗರಸಭೆಗಳದ್ದು. ಆಚೆ ಕಡೆ ನಿಯಮ ಬಂದದ್ದು 1966ರಲ್ಲಿ. ಅಲ್ಲಿ ಬರೆಯುವವರು ಸಬ್ ರಿಜಿಸ್ಟ್ರಾರರು. ಕಾಸರಗೋಡಿನವರು ಪುತ್ತೂರಿನ ಕಡೆಯ ಪಂಚಾಯತಿನಲ್ಲಿಯೂ, ಪುತ್ತೂರಿನವರು ಬದಿಯಡ್ಕದ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿಯೂ ಹಿಂದೂ ಮದುವೆಯ ದಾಖಲೆ ಕೇಳಿ, ಇಲ್ಲವೆನ್ನಿಸಿಕೊಂಡು ಬರುವುದನ್ನು ನಾನು ಎಷ್ಟೋ ಬಾರಿ ಕಂಡಿದ್ದೇನೆ. ಆ ಕಚೇರಿಗಳು ಹೇಳಿದ್ದು ಸರಿಯೇ. ಕೇಳಿದ್ದು ತಪ್ಪು ಬಾಗಿಲಲ್ಲಿ.

ಈ ವರ್ಷಗಳನ್ನು ಮುಂದಿಟ್ಟುಕೊಂಡರೆ ಆ ತಾಯಿಯ ಮದುವೆಯ ಸ್ಥಿತಿ ಸ್ಪಷ್ಟವಾಯಿತು. 1964ರಲ್ಲಿ ಮದುವೆ ನಡೆದ ಸ್ಥಳದಲ್ಲಿ ಹಿಂದೂ ವಿವಾಹ ನೋಂದಣಿಯ ನಿಯಮವೇ ಇನ್ನೂ ಬಂದಿರಲಿಲ್ಲ. ನಿಯಮವಿದ್ದ ಕಡೆ ಮದುವೆ ನಡೆದಿರಲಿಲ್ಲ. ಕಣ್ಣೂರಿನಲ್ಲಾಗಲಿ ಪುತ್ತೂರಿನಲ್ಲಾಗಲಿ ಆ ದಿನದ ನಮೂದನ್ನು ಹುಡುಕುವುದು ವ್ಯರ್ಥವೆಂದು ಹೇಳಿದಾಗ ಆ ಮಹಿಳೆ, “ಹಾಗಾದರೆ ಅಮ್ಮನಿಗೆ ಮದುವೆಯೇ ಆಗಿಲ್ಲವೇ ವಕೀಲರೇ?” ಎಂದು ನಕ್ಕರು.

ಸರಕಾರಿ ಗೆರೆಗೆ ಸೊಪ್ಪು ಹಾಕದ ಪುಸ್ತಕಗಳೂ ಇವೆ. ಕಾಸರಗೋಡಿನ ಬೇಳದ ಇಗರ್ಜಿ, ಅಂದರೆ ಚರ್ಚು, 1956ಕ್ಕೆ ಮೊದಲೂ ಅನಂತರವೂ ಮಂಗಳೂರು ಧರ್ಮಪ್ರಾಂತ್ಯದ್ದೇ. ಕಾಸರಗೋಡಿನ ಕೊಂಕಣಿ ಕೆಥೋಲಿಕರ ಮದುವೆಯ ನಮೂದು ರಾಜ್ಯ ಬದಲಾದ ಮೇಲೂ ಅದೇ ಇಗರ್ಜಿಯ ಪುಸ್ತಕದಲ್ಲಿ ಮುಂದುವರಿದಿದೆ. ಹಳೆಯ ನಮೂದುಗಳು ಲ್ಯಾಟಿನ್ನಿನಲ್ಲಿರುವುದುಂಟು. ಇಗರ್ಜಿಯ ಮುಖ್ಯ ಗುರುಗಳಾದ ವಿಗಾರರನ್ನು ಕೇಳಿದರೆ ಓದಿ ಹೇಳುತ್ತಾರೆ. ಯಾವ ಇಗರ್ಜಿಯಲ್ಲಿ ಮದುವೆಯಾಯಿತೆಂದು ಗೊತ್ತಿಲ್ಲದಿದ್ದರೆ ಜ್ಞಾನಸ್ನಾನ ನಡೆದ ಇಗರ್ಜಿಯಲ್ಲಿ ಹುಡುಕಬೇಕು. ಮದುವೆಯಾದ ವಿವರವನ್ನು ಜ್ಞಾನಸ್ನಾನದ ನಮೂದಿನ ಪಕ್ಕದಲ್ಲಿ ಬರೆಯಬೇಕೆಂಬುದು ಅವರ ಧರ್ಮಸಭೆಯ ಕಟ್ಟಳೆ. 1872ರ ಕ್ರೈಸ್ತ ವಿವಾಹ ಕಾಯ್ದೆಯಂತೆ ಇಗರ್ಜಿಗಳು ಮೂರು ತಿಂಗಳಿಗೊಮ್ಮೆ ಪ್ರಾಂತದ ರಿಜಿಸ್ಟ್ರಾರ್ ಜನರಲ್‌ಗೆ ವರದಿ ಕಳುಹಿಸಬೇಕಿತ್ತು. ಕಾಸರಗೋಡಿನ ಮಟ್ಟಿಗೆ 1956ರ ತನಕ ಅದು ಹೋಗಬೇಕಾಗಿದ್ದದ್ದು ತಿರುವನಂತಪುರಕ್ಕಲ್ಲ, ಮದರಾಸಿಗೆ. ಮುಸ್ಲಿಮರ ನಿಕಾಹ್ ಬರೆಯುವ ಜಮಾಅತಿನ ಪುಸ್ತಕವೂ ಹೀಗೆಯೇ. ಒಂದು ಮಸೀದಿಯ ಜಮಾಅತಿಗೆ ಸೇರಿದ ಪ್ರದೇಶವಾದ ಮಹಲ್ಲಿನ ಮೇರೆಗೂ ಪಂಚಾಯತಿನ ವಾರ್ಡಿಗೂ ಸಂಬಂಧವಿಲ್ಲ.

ಇದಕ್ಕೆಲ್ಲ ಹೊರತಾದದ್ದು, ಧರ್ಮ ಯಾವುದೇ ಇದ್ದರೂ ಸರಕಾರಿ ಅಧಿಕಾರಿಯ ಮುಂದೆ ಮದುವೆಯಾಗಲು ಇರುವ ವಿಶೇಷ ವಿವಾಹ ಕಾಯ್ದೆ. ಅದರಡಿ ಆದ ಮದುವೆಯ ದಾಖಲೆ ಕೇರಳದಲ್ಲಿಯೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೇ ಸಿಗುತ್ತದೆ. ಅಲ್ಲಿ ಅಧಿಕಾರ ವ್ಯಾಪ್ತಿ ನಿರ್ಧಾರವಾಗುವುದು ಮದುಮಕ್ಕಳಲ್ಲಿ ಒಬ್ಬರು ನೋಟೀಸಿಗೆ ಮುಂಚಿನ 30 ದಿನ ವಾಸವಾಗಿದ್ದ ಊರಿನಿಂದ.

ಸರಿಯಾದ ಪಂಚಾಯತು ಸಿಕ್ಕಿದ ಮೇಲೂ ಎರಡು ತೊಡಕುಗಳಿವೆ. ಮನೆ ನಂಬರು ವಾರ್ಡಿನೊಂದಿಗೆ ಹೆಣೆದದ್ದು. ವಾರ್ಡು ಪುನರ್ವಿಂಗಡಣೆಯಾದಾಗಲೆಲ್ಲ ಎರಡೂ ಬದಲಾಗುತ್ತವೆ. ಆದ್ದರಿಂದ ಇಂದಿನ ಮನೆ ನಂಬರು ಹಿಡಿದು ಹಳೆಯ ಪುಸ್ತಕದಲ್ಲಿ ಹುಡುಕಬಾರದು. ತಾರೀಕು ಮತ್ತು ಮನೆ ಹೆಸರು ಹಿಡಿಯಬೇಕು. ಇನ್ನೊಂದು, ಲಿಪಿಯದು. ನಮ್ಮ ‘ನಾರಾಯಣ’ ಮಲಯಾಳದ ಗುಮಾಸ್ತರ ಕೈಯಲ್ಲಿ ‘ನಾರಾಯಣನ್’ ಆಗುವುದು, ‘ಐತಪ್ಪ’ ಗುರುತು ಸಿಗದಂತಾಗುವುದು, ಮನೆ ಹೆಸರು ಮೊದಲಿಗೆ ಬಂದು ಇನಿಷಿಯಲ್ ಆಗಿ ಕುಳಿತುಕೊಳ್ಳುವುದು ಇವೆಲ್ಲ ಸಾಮಾನ್ಯ. ಅರ್ಜಿಯಲ್ಲಿ ಹೆಸರನ್ನು ಸಾಧ್ಯವಿರುವ ಎಲ್ಲ ರೂಪಗಳಲ್ಲಿಯೂ ಬರೆದುಕೊಡುವುದು ನನ್ನ ಪದ್ಧತಿ. ಒಮ್ಮೆ ಒಂದು ಕಚೇರಿ, ಅರ್ಜಿಯೊಂದಿಗೆ ಇಟ್ಟ ಹಳೆಯ ಪತ್ರದಲ್ಲಿ ‘ದಕ್ಷಿಣ ಕನ್ನಡ ಜಿಲ್ಲೆ’ ಎಂದಿದೆಯೆಂಬ ಕಾರಣಕ್ಕೆ ಅದು ಬೇರೆ ರಾಜ್ಯದ್ದೆಂದು ಹಿಂದಿರುಗಿಸಿತ್ತು; ಪತ್ರ 1949ರದು. ಅಂದಿನಿಂದ ಜಿಲ್ಲೆ ಬದಲಾದ ತಾರೀಕುಗಳನ್ನು ಅರ್ಜಿಯ ಕೊನೆಯಲ್ಲಿ ನಾನೇ ಬರೆಯುತ್ತೇನೆ.

ಪೆರ್ಲದವರ ಪ್ರಕರಣಕ್ಕೆ ದಾರಿ ಸಿಕ್ಕಿದ್ದು ಮದುವೆಯ ಪುಸ್ತಕದಲ್ಲಲ್ಲ, ಆಸ್ತಿಯ ಪುಸ್ತಕದಲ್ಲಿ. ಆ ತಾಯಿಗೆ ತವರಿನಿಂದ ಏನಾದರೂ ಬಂದಿತ್ತೇ ಎಂದು ಕೇಳಿದೆ. ಅಡಿಕೆ ತೋಟದ ಒಂದು ತುಂಡನ್ನು ಅವರ ತಂದೆ ದಾನಪತ್ರ ಮಾಡಿ ಕೊಟ್ಟಿದ್ದರು. ಸ್ಥಿರಾಸ್ತಿಯ ಪತ್ರವನ್ನು ಆಗ ನೋಂದಾಯಿಸುತ್ತಿದ್ದದ್ದು ಆಸ್ತಿ ಇರುವ ಕಡೆ. ಹಾಗಾಗಿ ಈ ಬಾರಿ ಪುತ್ತೂರಿನ ಸಬ್ ರಿಜಿಸ್ಟ್ರಾರ್ ಕಚೇರಿಯೇ ಸರಿಯಾದ ಬಾಗಿಲಾಗಿತ್ತು. ಸ್ಥಿರಾಸ್ತಿಯ ಪತ್ರಗಳನ್ನು ಬರೆದಿಡುವ ಅಲ್ಲಿನ ಒಂದನೇ ಪುಸ್ತಕದ ನಕಲು ತರಿಸಿ ನೋಡಿದರೆ 1971ರ ಆ ಪತ್ರದಲ್ಲಿ ಅಜ್ಜ ಮಗಳನ್ನು ಇಂಥ ಮನೆಯ ಇಂಥವರ ಹೆಂಡತಿ ಎಂದು ಸ್ಪಷ್ಟವಾಗಿ ಬರೆಸಿದ್ದರು, ಎಣ್ಮಕಜೆ ಗ್ರಾಮದ ಹೆಸರಿನ ಸಮೇತ. ಲಗ್ನಪತ್ರಿಕೆಯನ್ನೂ ಈ ನಕಲನ್ನೂ ಜೊತೆಗಿಟ್ಟು, 1964ರ ನೋಂದಣಿ ಏಕೆ ಇರಲು ಸಾಧ್ಯವಿಲ್ಲವೆಂಬುದನ್ನು ಒಂದು ಪುಟದಲ್ಲಿ ವಿವರಿಸಿ ಕಳುಹಿಸಿದೆವು. ಮೂಲ ದಾನಪತ್ರ ಈಗಲೂ ಪಾಣಾಜೆಯ ಸೋದರಮಾವನ ಮನೆಯ ಪೆಟ್ಟಿಗೆಯಲ್ಲಿದೆ. ಅದನ್ನು ಅಲ್ಲಿಂದ ಕದಲಿಸಬೇಡಿ ಎಂದಿದ್ದೇನೆ. 30 ವರ್ಷ ದಾಟಿದ ಪತ್ರವನ್ನು ನ್ಯಾಯಾಲಯ ನಂಬುವುದಕ್ಕೆ ಅದು ಇರಬೇಕಾದವರ ಕೈಯಿಂದ ಬಂದಿರಬೇಕೆಂದು ಸಾಕ್ಷ್ಯ ಕಾನೂನು ಹೇಳುತ್ತದೆ. ನಾಳೆ ಈ ವಿಚಾರ ಕೋರ್ಟಿನ ಮೆಟ್ಟಿಲೇರಿದರೆ ಆ ಪೆಟ್ಟಿಗೆಯೂ ಒಂದು ಸಾಕ್ಷಿಯೇ.